ಎರಡು ಥರದ ರೆಕಾರ್ಡು

1980ರಲ್ಲಿ ಲಂಡನ್ನಿನ ಒಬ್ಬ ಕವಿಯ ಆಲ್ಬಮ್ ಬಂತು. ಅದರಲ್ಲಿ ಕವಿಯ ದನಿ ಹೆಚ್ಚುಕಮ್ಮಿ ಇರಲೇ ಇಲ್ಲ. ಬರೀ ಡ್ರಮ್ಮು, ಬೇಸ್ ಗಿಟಾರು, ಅಲ್ಲಲ್ಲಿ ಪ್ರತಿಧ್ವನಿ. 1996ರಲ್ಲಿ ಅದೇ ಕವಿಯ ಇನ್ನೊಂದು ಆಲ್ಬಮ್ ಬಂತು. ಅದರಲ್ಲಿ ವಾದ್ಯಗಳೇ ಇರಲಿಲ್ಲ. ಬರೀ ಕವಿಯ ದನಿ, ಎದುರಿಗೆ ಕೂತ ಜನ.

ಒಂದು, ಕವಿತೆ ತೆಗೆದಿಟ್ಟ ಸಂಗೀತ. ಇನ್ನೊಂದು, ಸಂಗೀತ ತೆಗೆದಿಟ್ಟ ಕವಿತೆ. ತಮಾಷೆ ಅಂದ್ರೆ, ಇವನ ಕವಿತೆ ಗೊತ್ತಿರುವವರಿಗೆ ಮೊದಲನೆಯದರಲ್ಲಿ ಇಲ್ಲದ ಮಾತು ಕೇಳಿಸುತ್ತೆ, ಎರಡನೆಯದರಲ್ಲಿ ಇಲ್ಲದ ಬೇಸ್ ಕೇಳಿಸುತ್ತೆ. ಇದು ಹೇಗೆ ಸಾಧ್ಯ ಆಯ್ತು ಅಂತ ಹುಡುಕಿಕೊಂಡು ಹೋದರೆ ಸಿಗೋದು ಬರೀ ಸಂಗೀತದ ಕಥೆಯಲ್ಲ. ಬ್ರಿಟನ್ನಿನ ಬೀದಿಗಳ ಒಂದಷ್ಟು ವರ್ಷಗಳ ಚರಿತ್ರೆಯೇ ಸಿಗುತ್ತೆ.

ಕವಿಯ ಹೆಸರು ಲಿಂಟನ್ ಕ್ವೇಸಿ ಜಾನ್ಸನ್. ಅಭಿಮಾನಿಗಳ ಬಾಯಲ್ಲಿ ಎಲ್‌ಕೆಜೆ. (ಎಲ್‌ಕೆಜಿ ಅಲ್ಲ, ನೆನಪಿರಲಿ.) ತಲೆಗೆ ಹ್ಯಾಟು, ಕಣ್ಣಿಗೆ ಕನ್ನಡಕ, ಕೊರಳಿಗೆ ಟೈ. ನೋಡಿದರೆ ಬ್ಯಾಂಕಿನ ಹಿರಿಯ ಅಧಿಕಾರಿ ಅನ್ನಬೇಕು. ಮೈಕ್ ಮುಂದೆ ನಿಂತರೆ ಕೂಗೋದಿಲ್ಲ, ಹಾಡೋದೂ ಇಲ್ಲ. ಗಟ್ಟಿ ತಳದ ದನಿಯಲ್ಲಿ, ಅವಸರವಿಲ್ಲದೆ, ಲೆಕ್ಕ ಒಪ್ಪಿಸುವ ಹಾಗೆ ಓದ್ತಾರೆ. ಹಿಂದೆ ಬ್ಯಾಂಡ್ ಕುಣಿಸ್ತಿರುತ್ತೆ, ಮುಂದೆ ಈ ಮನುಷ್ಯ ಅಲುಗಾಡದೆ ನಿಂತಿರ್ತಾರೆ.

ಕವಿತೆ ಮತ್ತು ಸಂಗೀತ ಅಂದ ಕೂಡಲೇ ನಮ್ಮ ತಲೆಗೆ ಬರೋದು ಭಾವಗೀತೆ. ಕವಿ ಬರೀತಾರೆ. ಎಷ್ಟೋ ವರ್ಷ ಆದಮೇಲೆ ಇನ್ಯಾರೋ ರಾಗ ಹಾಕ್ತಾರೆ. ಮತ್ಯಾರೋ ಹಾಡ್ತಾರೆ. ಹಾಡು ಚೆನ್ನಾಗಿದ್ದರೆ ಮನೆಮನೆಗೂ ಹೋಗುತ್ತೆ. ಅಲ್ಲಿ ಸಂಗೀತ ಅನ್ನೋದು ಕವಿತೆಗೆ ಆಮೇಲೆ ಉಡಿಸಿದ ಬಟ್ಟೆ, ಬಿಚ್ಚಿಟ್ಟರೂ ಕವಿತೆ ಹಾಗೇ ಇರುತ್ತೆ. ಎಲ್‌ಕೆಜೆ ವಿಷಯದಲ್ಲಿ ಇದು ತಿರುಗಾಮುರುಗಾ. ಇಲ್ಲಿ ಸಂಗೀತ ಮೊದಲು ಬಂತು. ಕವಿತೆ ಅದರ ಹೊಟ್ಟೆಯಿಂದ ಹುಟ್ಟಿತು. ಬರೆಯುವಾಗ ತಲೆಯೊಳಗೆ ಒಂದು ಬೇಸ್ ಲೈನ್ ಓಡ್ತಾ ಇರುತ್ತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಛಂದಸ್ಸು ಅಂತ ನಾವು ಯಾವುದಕ್ಕೆ ಹೇಳ್ತೀವೋ, ಅದು ಇವರಿಗೆ ಆ ಬೇಸ್.

ಹಾಗಾಗಿ ಮೊದಲು ಆ ಬೇಸ್ ಎಲ್ಲಿಂದ ಬಂತು ನೋಡೋಣ.

ಜಮೈಕಾದ ರೆಗೇ ಸಂಗೀತ ಕೇಳಿದ್ದೀರಿ. ಬಾಬ್ ಮಾರ್ಲಿ ಪೋಸ್ಟರ್ ಇಲ್ಲದ ಹಾಸ್ಟೆಲ್ಲು ಇಲ್ವಲ್ಲ. ಆ ಸಂಗೀತದಲ್ಲಿ ಒಂದು ವಿಚಿತ್ರ ಇದೆ. ನಾಲ್ಕೆಣಿಕೆಯ ತಾಳದ ಮೊದಲ ಪೆಟ್ಟನ್ನ ಡ್ರಮ್ಮು ಎಷ್ಟೋ ಸಲ ಖಾಲಿ ಬಿಡುತ್ತೆ, ಭಾರ ಬೀಳೋದು ಮೂರನೆಯದರ ಮೇಲೆ. ಗಿಟಾರು ಬರೀ ಚಕ್ ಚಕ್ ಅಂತ ಎಡೆಯಲ್ಲಿ ತಾಗುತ್ತೆ. ಹಾಡಿನ ನಿಜವಾದ ಮಾತನ್ನ ಆಡೋದು ಬೇಸ್. ಬೇರೆ ಸಂಗೀತದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ವಾದ್ಯ ಇಲ್ಲಿ ಮನೆ ಯಜಮಾನ.

1960ರ ದಶಕದ ಕೊನೆಗೆ ಕಿಂಗ್‌ಸ್ಟನ್ನಿನಲ್ಲಿ ಇನ್ನೊಂದು ಹೊಸ ಸಂಗತಿ ಶುರುವಾಯ್ತು. ಬೀದಿಬೀದಿಯಲ್ಲಿ ದೊಡ್ಡ ಸ್ಪೀಕರು ಪೇರಿಸಿಟ್ಟು ರೆಕಾರ್ಡು ಹಾಕಿ ಕುಣಿಸುವ ತಂಡಗಳಿದ್ದವು. ಅವಕ್ಕೆ ಸೌಂಡ್ ಸಿಸ್ಟಮ್ ಅಂತ ಹೆಸರು. ಹಾಡಿನ ದನಿಯನ್ನ ತೆಗೆದು ಬರೀ ವಾದ್ಯ ಉಳಿಸಿದ ರೆಕಾರ್ಡು ಹಾಕಿದರೆ ಜನ ಇನ್ನೂ ಜೋರಾಗಿ ಕುಣೀತಾರೆ ಅನ್ನೋದು ಅವರಿಗೆ ಗೊತ್ತಾಯ್ತು. ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡ್ತಿದ್ದ ಕಿಂಗ್ ಟಬಿ ಅನ್ನುವ ಮನುಷ್ಯ ಇದನ್ನೇ ಒಂದು ಕಲೆ ಮಾಡಿಬಿಟ್ಟ. ಹಾಡುಗಾರನ ದನಿ ಕತ್ತರಿಸಿ, ಬೇಸ್ ಮೇಲೆತ್ತಿ, ಒಂದೇ ಒಂದು ಡ್ರಮ್ಮಿನ ಪೆಟ್ಟಿಗೆ ಪ್ರತಿಧ್ವನಿ ಹಚ್ಚಿ ಬಾವಿಗೆ ಕಲ್ಲು ಬಿದ್ದ ಹಾಗೆ ಕೇಳಿಸೋದು. ಇದರ ಹೆಸರು ಡಬ್. ಆ ಖಾಲಿ ಜಾಗದಲ್ಲಿ ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತಾಡೋಕೆ ಶುರುಮಾಡಿದವರು ಡೀಜೆಗಳು. ಯು-ರಾಯ್, ಬಿಗ್ ಯೂತ್ ಇಂಥವರು. ಇವತ್ತಿನ ರ‍್ಯಾಪ್ ಸಂಗೀತದ ಒಂದು ಬೇರು ಇಲ್ಲಿದೆ.

ಈ ಡೀಜೆಗಳು ಮಾಡ್ತಿರೋದು ಬರೀ ಗದ್ದಲ ಅಲ್ಲ, ಅದೊಂದು ಕಾವ್ಯ ಅಂತ 1970ರ ದಶಕದಲ್ಲೇ ಪ್ರಬಂಧ ಬರೆದು ವಾದಿಸಿದವರಲ್ಲಿ ಎಲ್‌ಕೆಜೆ ಒಬ್ಬರು. ಜಮೈಕಾ ಸಂಗೀತದ ಚರಿತ್ರೆಯ ಬಗ್ಗೆ ಬಿಬಿಸಿ ರೇಡಿಯೋಗೆ ಹತ್ತು ಕಂತಿನ ಸರಣಿಯನ್ನೂ ಮಾಡಿಕೊಟ್ಟರು. ಡಬ್ ಪೊಯೆಟ್ರಿ ಅನ್ನುವ ಹೆಸರು ಆಮೇಲೆ ಅವರಿಗೇ ಅಂಟಿಕೊಂಡಿತು.

ಹುಟ್ಟಿದ್ದು 1952ರಲ್ಲಿ, ಜಮೈಕಾದ ಚ್ಯಾಪಲ್‌ಟನ್ ಎಂಬ ಸಣ್ಣ ಊರಿನಲ್ಲಿ. ತಾಯಿ ದುಡಿಯೋಕೆ ಇಂಗ್ಲೆಂಡಿಗೆ ಹೋದರು. ಹುಡುಗ ಅಜ್ಜಿಯ ಮನೆಯಲ್ಲಿ ಬೆಳೆದ. ಅಲ್ಲಿ ಕೇಳಿದ್ದು ಎರಡು ಥರದ ಭಾಷೆ. ಒಂದು ಬೈಬಲ್ಲಿನ ಹಳೇ ಇಂಗ್ಲಿಷು, ಇನ್ನೊಂದು ಅಜ್ಜಿ ಕತೆ ಹೇಳುವ ಜಮೈಕಾದ ಆಡುಮಾತು. 1963ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ತಾಯಿಯ ಹತ್ತಿರ ಲಂಡನ್ನಿನ ಬ್ರಿಕ್ಸ್‌ಟನ್ನಿಗೆ ಬಂದ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಕೆಲಸಗಾರರು ಬೇಕಿದ್ದರು. ಬಸ್ಸು, ರೈಲು, ಆಸ್ಪತ್ರೆ, ಎಲ್ಲ ಕಡೆ ಕೈ ಕಮ್ಮಿ. 1948ರಲ್ಲಿ ಎಂಪೈರ್ ವಿಂಡ್‌ರಶ್ ಅನ್ನುವ ಹಡಗು ಕೆರಿಬಿಯನ್ನಿನಿಂದ ಜನರನ್ನ ತಂದಿತು. ಆ ನಂತರ ಎರಡು ದಶಕ ಜನ ಬರ್ತಲೇ ಇದ್ದರು. ಅಪ್ಪ ಅಮ್ಮಂದಿರು ತಲೆ ತಗ್ಗಿಸಿ ದುಡಿದರು. ಎಲ್‌ಕೆಜೆಯ ಒಂದು ಕವಿತೆಯಲ್ಲಿ ಅಂಥ ಒಬ್ಬರ ಇಡೀ ಜೀವನ ಇದೆ. ಮೊದಲು ಸುರಂಗ ರೈಲಿನಲ್ಲಿ ಕೆಲಸ, ಆಮೇಲೆ ಹೋಟೆಲಿನಲ್ಲಿ ಪಾತ್ರೆ ತೊಳೆಯೋದು, ಆಮೇಲೆ ಕಾಲುವೆ ಅಗೆಯೋದು, ಆಮೇಲೆ ಫ್ಯಾಕ್ಟರಿ, ಕೊನೆಗೆ 55ನೇ ವಯಸ್ಸಿಗೆ ಕೆಲಸ ಇಲ್ಲ. ಆದರೆ ಅವರ ಮಕ್ಕಳು ಬೇರೆ ಥರ ಇದ್ದರು. ಅವರು ಓದಿದ್ದು ಇಲ್ಲೇ, ಬೆಳೆದಿದ್ದು ಇಲ್ಲೇ. ನಾವು ಎಲ್ಲಿಗೂ ವಾಪಸ್ ಹೋಗೋದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಪೊಲೀಸರಿಗೆ ಮಾತ್ರ ಗೊತ್ತಿದ್ದ ಹಾಗೆ ಕಾಣೋದಿಲ್ಲ.

ಶಾಲೆಯಲ್ಲಿ ಇರುವಾಗಲೇ ಜಾನ್ಸನ್ ಬ್ರಿಟನ್ನಿನ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯ ಯುವ ಘಟಕಕ್ಕೆ ಸೇರಿದ. ಅವರ ಪುಟ್ಟ ಗ್ರಂಥಾಲಯದಲ್ಲಿ ಅಮೆರಿಕದ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಬರೆದಿದ್ದ ಪುಸ್ತಕ ಸಿಕ್ಕಿತು. ಕಪ್ಪು ಜನ ಪುಸ್ತಕ ಬರೀತಾರೆ ಅನ್ನೋದೇ ಆ ಹುಡುಗನಿಗೆ ಹೊಸ ಸುದ್ದಿ. ಬರೆಯೋಕೆ ಶುರುಮಾಡಿದ್ದು ಆಗ. ಮುಂದೆ ನ್ಯೂ ಕ್ರಾಸ್‌ನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದ. ನ್ಯೂಯಾರ್ಕಿನ ದ ಲಾಸ್ಟ್ ಪೊಯೆಟ್ಸ್ ಗುಂಪು ಡೋಲಿನ ಜೊತೆ ಕವಿತೆ ಹೇಳಿದ ರೆಕಾರ್ಡು ಕೇಳಿದ ಮೇಲೆ ಇಲ್ಲೂ ಡೋಲು ಬಾರಿಸುವವರ ಜೊತೆ ಸೇರಿ ರಾಸ್ತಾ ಲವ್ ಅನ್ನುವ ತಂಡ ಕಟ್ಟಿಕೊಂಡರು.

ಪ್ಯಾಂಥರ್ಸ್ ಕಲಿಸಿದ ಇನ್ನೊಂದು ಪಾಠ ಇತ್ತು. ಪೊಲೀಸರು ಯಾರನ್ನಾದರೂ ಹಿಡೀತಿದ್ದರೆ ಅವರ ಭುಜದ ಮೇಲಿನ ನಂಬರು ಬರೆದುಕೊಳ್ಳಿ. 1972ರಲ್ಲಿ ಬ್ರಿಕ್ಸ್‌ಟನ್ ಮಾರುಕಟ್ಟೆಯಲ್ಲಿ ಒಬ್ಬ ಕಪ್ಪು ಹುಡುಗನನ್ನ ಹಿಡೀತಿದ್ದಾಗ ಜಾನ್ಸನ್ ಹಾಗೇ ಮಾಡಿದ. ಅವನನ್ನೂ ವ್ಯಾನಿಗೆ ತಳ್ಳಿ, ಹೊಡೆದು, ಪೊಲೀಸರ ಮೇಲೆ ಹಲ್ಲೆ ಮಾಡಿದ ಅಂತ ಕೇಸು ಹಾಕಿದರು. ನಡೆದದ್ದನ್ನ ಬರೆದುಕೊಳ್ಳೋದೇ ಒಂದು ಅಪರಾಧ ಆಗಬಹುದು ಅನ್ನೋದು ಅವನಿಗೆ ಇಪ್ಪತ್ತನೇ ವಯಸ್ಸಿಗೇ ಗೊತ್ತಾಯ್ತು. ಮುಂದಿನ ಕವಿತೆಗಳನ್ನ ಓದುವಾಗ ಈ ಸಂಗತಿ ಮನಸ್ಸಿನಲ್ಲಿದ್ದರೆ ಒಳ್ಳೇದು.

1975ರಲ್ಲಿ ಎರಡನೇ ಪುಸ್ತಕ ಬಂತು, ‘ಡ್ರೆಡ್ ಬೀಟ್ ಆ್ಯನ್ ಬ್ಲಡ್’. ಅದನ್ನ ತೆರೆದ ಇಂಗ್ಲಿಷ್ ಓದುಗರಿಗೆ ಮೊದಲು ಕಂಡದ್ದು ಸ್ಪೆಲಿಂಗ್. ಹಲವು ಕವಿತೆಗಳಲ್ಲಿ ಜಮೈಕಾದವರ ಬಾಯಲ್ಲಿ ಮಾತು ಹೇಗೆ ಬರುತ್ತೋ ಹಾಗೇ ಬರೆದ ಅಕ್ಷರಗಳು. ಇಂಗ್ಲೆಂಡ್ ಅನ್ನೋದು ಇಂಗ್ಲನ್. ನೋಡಿದ ಕೂಡಲೇ ಅರ್ಥ ಆಗೋದಿಲ್ಲ. ಬಾಯಿಬಿಟ್ಟು ಓದಬೇಕು. ಓದಿದರೆ ಬಾಯಿ ತಾನಾಗಿಯೇ ತಾಳ ಹಿಡಿಯುತ್ತೆ. ಅಂದ್ರೆ ಆ ಸ್ಪೆಲಿಂಗು ತಪ್ಪಲ್ಲ, ಅದು ಸ್ವರಲಿಪಿ. ಧಾರವಾಡದ ಅಜ್ಜಿಯ ಮಾತನ್ನ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ನೋಡಿ. ಅರ್ಥ ಅಷ್ಟೂ ಉಳಿಯುತ್ತೆ, ಅಜ್ಜಿ ಮಾತ್ರ ಎದ್ದು ಹೋಗಿರ್ತಾಳೆ. ಜಾನ್ಸನ್‌ಗೆ ಇದು ಗೊತ್ತಿತ್ತು. ಇವನಿಗಿಂತ ಮೊದಲು ಜಮೈಕಾದ ಲೂಯಿಸ್ ಬೆನೆಟ್ ದಶಕಗಳ ಕಾಲ ಆಡುಮಾತಿನಲ್ಲೇ ಬರೆದು, ಹೇಳಿ, ನಗಿಸಿ ದಾರಿ ಮಾಡಿದ್ದರು. ಬಾರ್ಬೆಡೋಸಿನ ಕಮಾವು ಬ್ರಾತ್‌ವೈಟ್ ತಮ್ಮ ಕವಿತೆಯ ಓದನ್ನ ರೆಕಾರ್ಡು ಮಾಡಿ ತಂದಿದ್ದರು.

ಪುಸ್ತಕ ಓದುವವರು ಎಷ್ಟು ಜನ? ಬ್ರಿಕ್ಸ್‌ಟನ್ನಿನ ಹುಡುಗರು ಕವಿತೆಯ ಪುಸ್ತಕ ಕೊಳ್ಳೋದಿಲ್ಲ, ರೆಕಾರ್ಡು ಕೊಳ್ತಾರೆ. ವರ್ಜಿನ್ ಕಂಪನಿಗೆ ರೆಗೇ ಕಲಾವಿದರ ಪರಿಚಯ ಬರೆದುಕೊಡುವ ಬಿಡಿ ಕೆಲಸ ಮಾಡ್ತಿದ್ದ ಜಾನ್ಸನ್‌ಗೆ ಅಲ್ಲೇ ಅವಕಾಶ ಸಿಕ್ಕಿತು. 1978ರಲ್ಲಿ ಅದೇ ಹೆಸರಿನ ಆಲ್ಬಮ್ ಬಂತು. 1979ರಲ್ಲಿ ‘ಫೋರ್ಸಸ್ ಆಫ್ ವಿಕ್ಟರಿ’. 1980ರಲ್ಲಿ ‘ಬೇಸ್ ಕಲ್ಚರ್’. ಮೂರು ವರ್ಷಕ್ಕೆ ಮೂರು ಆಲ್ಬಮ್.

ಇವುಗಳ ಸಂಗೀತದ ಹಿಂದೆ ಇದ್ದವರು ಡೆನಿಸ್ ಬೊವೆಲ್. ಬಾರ್ಬೆಡೋಸಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು, ಸೌಂಡ್ ಸಿಸ್ಟಮ್ ನಡೆಸ್ತಿದ್ದವರು. 1974ರಲ್ಲಿ ಅವರು ರೆಕಾರ್ಡು ಹಾಕ್ತಿದ್ದ ಒಂದು ಕ್ಲಬ್ಬಿಗೆ ಪೊಲೀಸರು ನುಗ್ಗಿದರು. ಆ ಗಲಾಟೆಗೆ ಇವರೇ ಕಾರಣ ಅಂತ ಮೂರು ವರ್ಷ ಶಿಕ್ಷೆ ಆಯ್ತು. ಆರು ತಿಂಗಳು ಒಳಗಿದ್ದ ಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯ್ತು. ಬೊವೆಲ್ ಕೂರಿಸಿದ ಬೇಸ್ ಯಾಕಷ್ಟು ಭಾರ ಅಂತ ಕೇಳಿದರೆ ಇದೂ ಒಂದು ಉತ್ತರ ಇರಬಹುದು.

ಆ ಕಾಲದಲ್ಲಿ ಕಪ್ಪು ಹುಡುಗರಿಗೆ ಎಷ್ಟೋ ಕ್ಲಬ್ಬುಗಳಲ್ಲಿ ಪ್ರವೇಶ ಇರಲಿಲ್ಲ. ಹಾಗಾಗಿ ಶನಿವಾರ ರಾತ್ರಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರು ಇಟ್ಟು ಪಾರ್ಟಿ ಮಾಡ್ತಿದ್ದರು. ಆ ಪಾರ್ಟಿಗಳ ಮೇಲೆ ಪೊಲೀಸರ ದಾಳಿ ಮಾಮೂಲು. ಹೀಗೆ ಬೇಸ್ ಅನ್ನೋದು ಬರೀ ಮನರಂಜನೆಯಾಗಿ ಉಳಿಯಲಿಲ್ಲ. ಬೇಸ್ ಕೇಳ್ತಿದೆ ಅಂದ್ರೆ ಅಲ್ಲಿ ನಮ್ಮವರಿದ್ದಾರೆ ಅಂತ ಅರ್ಥ. ಬೇಸ್ ನಿಂತಿತು ಅಂದ್ರೆ ಬಾಗಿಲಲ್ಲಿ ಪೊಲೀಸರಿದ್ದಾರೆ ಅಂತ ಅರ್ಥ. ‘ಸ್ಟ್ರೀಟ್ 66’ ಅನ್ನುವ ಕವಿತೆ ಇರೋದೇ ಇದರ ಬಗ್ಗೆ.

‘ಫೋರ್ಸಸ್ ಆಫ್ ವಿಕ್ಟರಿ’ಯಲ್ಲಿ ಒಂದು ಕವಿತೆ ಇದೆ. ಜೈಲಿನಿಂದ ಮಗ ಅಮ್ಮನಿಗೆ ಬರೆದ ಕಾಗದ. ಹೆಸರು ‘ಸನೀಸ್ ಲೆಟ್ಟರ್’. ಎಲ್ಲ ಮಕ್ಕಳು ಬರೆಯುವ ಹಾಗೇ ವಿಳಾಸ, ಕ್ಷೇಮ ಸಮಾಚಾರದಿಂದ ಶುರುವಾಗುತ್ತೆ. ಆಮೇಲೆ ನಿಧಾನಕ್ಕೆ ವಿಷಯ ಬಿಚ್ಚಿಕೊಳ್ಳುತ್ತೆ. ತಮ್ಮ ಜಿಮ್ ಮತ್ತು ತಾನು ಬಸ್ಸಿಗೆ ಕಾಯ್ತಿದ್ದಾಗ ಪೊಲೀಸರು ಬಂದು ತಮ್ಮನನ್ನ ಹಿಡಿದರು, ಹೊಡೆದರು. ತಾನು ಸುಮ್ಮನಿರಲಾರದೆ ಕೈ ಎತ್ತಿದೆ. ಒಬ್ಬ ಪೊಲೀಸ್ ಸತ್ತ. ತಮ್ಮನ ಮೇಲೆ ಸಂಶಯದ ಕೇಸು, ತನ್ನ ಮೇಲೆ ಕೊಲೆ ಕೇಸು.

ಆ ಸಂಶಯದ ಕೇಸು ಅನ್ನೋದರ ಹಿಂದೆ ಒಂದು ಹಳೇ ಕಾನೂನಿತ್ತು. 1824ರ ಅಲೆಮಾರಿತನದ ಕಾಯ್ದೆ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಬೀದಿಗೆ ಬಿದ್ದ ನಿರ್ಗತಿಕರನ್ನ ಹಿಡಿಯೋಕೆ ಮಾಡಿದ್ದು. ಅಪರಾಧ ಮಾಡುವ ಉದ್ದೇಶದಿಂದ ಸುಳಿದಾಡ್ತಿದ್ದ ಅಂತ ಪೊಲೀಸರಿಗೆ ಅನ್ನಿಸಿದರೆ ಸಾಕು, ಹಿಡಿಯಬಹುದಿತ್ತು. ಕಳ್ಳತನ ಆಗಿರಬೇಕಾಗಿಲ್ಲ, ಕಳೆದುಕೊಂಡವರು ಇರಬೇಕಾಗಿಲ್ಲ. ಒಂದೂವರೆ ಶತಮಾನ ಆದಮೇಲೆ ಈ ಧೂಳು ಹಿಡಿದ ಕಾನೂನು ಲಂಡನ್ನಿನ ಕಪ್ಪು ಹುಡುಗರ ಕೊರಳಿಗೆ ಬಿತ್ತು. ಅದಕ್ಕೆ ಬೀದಿಯ ಹೆಸರು ‘ಸಸ್’. ತಾಯಂದಿರು ಸಂಘಟನೆ ಕಟ್ಟಿದರು, ವಕೀಲರು ಹೋರಾಡಿದರು, ಕೊನೆಗೆ 1981ರಲ್ಲಿ ಆ ಭಾಗವನ್ನ ಸಂಸತ್ತು ತೆಗೆದುಹಾಕಿತು. ಕಾನೂನಿನ ಪುಸ್ತಕದಲ್ಲಿ ಈಗ ಅದು ಒಂದು ಅಡಿಟಿಪ್ಪಣಿ. ಆದರೆ ಅದು ಮೈಮೇಲೆ ಬಿದ್ದಾಗ ಹೇಗಿರ್ತಿತ್ತು ಅಂತ ಗೊತ್ತಾಗಬೇಕಾದರೆ ಆ ಕಾಗದ ಕೇಳಬೇಕು. ಹೊಡೆದಾಟದ ಭಾಗ ಬಂದಾಗ ಸಾಲುಗಳು ಚಿಕ್ಕದಾಗುತ್ತೆ, ಒಂದೊಂದು ಸಾಲೂ ಒಂದೊಂದು ಪೆಟ್ಟು. ಓದುವವರ ದನಿ ಮಾತ್ರ ಒಂದಿಷ್ಟೂ ಏರೋದಿಲ್ಲ. ಅಮ್ಮ ಹೆದರಬಾರದಲ್ಲ, ಅದಕ್ಕೆ.

ಈ ಚರಿತ್ರೆಯಲ್ಲಿ ಭಾರತದವರೂ ಇದ್ದಾರೆ. ಲಂಡನ್ನಿನ ಪಶ್ಚಿಮಕ್ಕೆ ಸೌತಾಲ್ ಅನ್ನುವ ಬಡಾವಣೆ. ಪಂಜಾಬಿನಿಂದ ಹೋದ ಕುಟುಂಬಗಳೇ ಹೆಚ್ಚಾಗಿದ್ದ ಜಾಗ. 1979ರ ಏಪ್ರಿಲ್ 23ರಂದು, ಅಲ್ಲಿನ ಟೌನ್‌ಹಾಲಿನಲ್ಲೇ ವಲಸಿಗ ವಿರೋಧಿ ನ್ಯಾಷನಲ್ ಫ್ರಂಟ್ ಪಕ್ಷ ಚುನಾವಣಾ ಸಭೆ ಇಟ್ಟುಕೊಂಡಿತು. ಊರಿನವರು ಬೀದಿಗಿಳಿದರು. ಅವರ ಜೊತೆ ನಿಲ್ಲೋಕೆ ಬಂದವರಲ್ಲಿ ಬ್ಲೇರ್ ಪೀಚ್ ಒಬ್ಬರು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮೇಷ್ಟ್ರಾಗಿದ್ದವರು, ವಯಸ್ಸು 33. ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಪೊಲೀಸರೇ ಒಳಗೊಳಗೆ ಒಂದು ತನಿಖೆ ನಡೆಸಿ ವರದಿ ಬರೆದರು. ಆ ವರದಿ ಹೊರಗೆ ಬಂದದ್ದು 2010ರಲ್ಲಿ, 31 ವರ್ಷ ಆದಮೇಲೆ. ಪೆಟ್ಟು ಕೊಟ್ಟದ್ದು ಬಹುತೇಕ ಖಚಿತವಾಗಿ ಒಬ್ಬ ಪೊಲೀಸ್ ಅಂತ ಅದರಲ್ಲಿತ್ತು. ಯಾರ ಮೇಲೂ ಕೇಸು ಆಗಲಿಲ್ಲ.

ಎಲ್‌ಕೆಜೆಯ ‘ರೆಗೇ ಫೀ ಪೀಚ್’ ಬಂದದ್ದು 1980ರಲ್ಲಿ. ಪೊಲೀಸರ ಮೇಲೆ ಬೊಟ್ಟು ಮಾಡಿ, ಹೆಸರಿಟ್ಟು, ಜಾಗ ಇಟ್ಟು. ಸರ್ಕಾರಿ ಕಾಗದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದ 30 ವರ್ಷ ಈ ಕಪ್ಪು ತಟ್ಟೆ ಮನೆಮನೆಯಲ್ಲಿ ತಿರುಗ್ತಿತ್ತು.

ನಮ್ಮ ಮಾತಿನಲ್ಲಿ ರೆಕಾರ್ಡು ಅನ್ನೋದಕ್ಕೆ ಎರಡು ಅರ್ಥ ಇದೆ ನೋಡಿ. ತಾಲ್ಲೂಕು ಕಚೇರಿಯ ರೆಕಾರ್ಡು ಒಂದು, ಹಾಡಿನ ರೆಕಾರ್ಡು ಒಂದು. ಎಲ್‌ಕೆಜೆ ಕಥೆಯಲ್ಲಿ ಈ ಎರಡು ಅರ್ಥಗಳು ಒಂದಕ್ಕೊಂದು ಎದುರಾಗಿ ನಿಲ್ತವೆ.

1981ರ ಜನವರಿ 18ರ ಭಾನುವಾರ. ಲಂಡನ್ನಿನ 439, ನ್ಯೂ ಕ್ರಾಸ್ ರಸ್ತೆಯ ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ. ಬೆಳಗಿನ ಜಾವ ಬೆಂಕಿ ಹತ್ತಿತು. 13 ಮಕ್ಕಳು, ಹುಡುಗ ಹುಡುಗಿಯರು, ಸತ್ತರು. ಯಾರೋ ಬೆಂಕಿ ಬಾಂಬು ಎಸೆದಿರಬೇಕು ಅಂತ ಮೊದಲು ಎಲ್ಲರ ಸಂಶಯ. ಆ ಪ್ರದೇಶದಲ್ಲಿ ಜನಾಂಗದ್ವೇಷದ ದಾಳಿಗಳು ಹೊಸದೇನಲ್ಲ. ಸರ್ಕಾರದ ದೊಡ್ಡವರಿಂದ ವಾರಗಟ್ಟಲೆ ಒಂದು ಸಂತಾಪದ ಮಾತೂ ಬರಲಿಲ್ಲ. ಹದಿಮೂರು ಜನ ಸತ್ತರೂ ಯಾರೂ ಬಾಯಿ ಬಿಡಲಿಲ್ಲ ಅನ್ನೋದೇ ಬೀದಿಯ ಘೋಷಣೆ ಆಯ್ತು. ಮಾರ್ಚ್ 2ರ ಸೋಮವಾರ, ಕೆಲಸದ ದಿನ, ಸುಮಾರು 20,000 ಜನ ನ್ಯೂ ಕ್ರಾಸ್‌ನಿಂದ ಹೈಡ್ ಪಾರ್ಕಿನವರೆಗೆ ನಡೆದರು. ಎಲ್‌ಕೆಜೆ ಕೆಲಸ ಮಾಡ್ತಿದ್ದ ‘ರೇಸ್ ಟುಡೇ’ ಪತ್ರಿಕೆಯ ಗುಂಪು ಅದನ್ನ ಸಂಘಟಿಸಿದವರಲ್ಲಿ ಒಂದು. ಮುಂದಿನ ತಿಂಗಳು ಪೊಲೀಸರು ಬ್ರಿಕ್ಸ್‌ಟನ್ನಿನಲ್ಲಿ ಕೆಲವೇ ದಿನಗಳಲ್ಲಿ 943 ಜನರನ್ನ ತಡೆದು ತಪಾಸಣೆ ಮಾಡಿ 118 ಜನರನ್ನ ಬಂಧಿಸಿದರು. ಆ ವಾರದ ಕೊನೆಗೆ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು.

ನ್ಯೂ ಕ್ರಾಸ್ ಬೆಂಕಿಯ ಬಗ್ಗೆ 1981ರಲ್ಲಿ ಒಂದು ವಿಚಾರಣೆ, 2004ರಲ್ಲಿ ಇನ್ನೊಂದು. ಎರಡರ ಕೊನೆಗೂ ಬಂದದ್ದು ‘ಓಪನ್ ವರ್ಡಿಕ್ಟ್’. ಅಂದ್ರೆ ಸಾವು ಹೇಗಾಯ್ತು ಅಂತ ತೀರ್ಮಾನ ಹೇಳಲಾಗಲಿಲ್ಲ. ಫೈಲು ತೆರೆದೇ ಇದೆ.

‘ನ್ಯೂ ಕ್ರಾಸ್ ಮಸಾಕಾ’ ಅನ್ನುವ ಕವಿತೆ 1984ರ ‘ಮೇಕಿಂಗ್ ಹಿಸ್ಟರಿ’ ಆಲ್ಬಮ್ಮಿನಲ್ಲಿದೆ. ಕವಿತೆಯ ಕಟ್ಟಡ ಗಮನಿಸಿ. ಒಂದು ಭಾಗ ಪೂರ್ತಿ ಪಾರ್ಟಿಯ ತಾಳ. ಬರುವವರು, ಹೋಗುವವರು, ಕುಣಿತ, ನಗು. ಅದೇ ತಾಳ ಮುಂದೆ ಬೆಂಕಿಯ, ಕಿರುಚಾಟದ ತಾಳ ಆಗುತ್ತೆ. ಬೆಂಕಿ ಬರೋ ಮುಂಚೆ ಕುಣೀತಿದ್ದ ಮಾತುಗಳೇ ಈಗ ಓಡ್ತಿವೆ. ನಡುನಡುವೆ ತಾಳ ಬಿಟ್ಟ ಇನ್ನೊಂದು ದನಿ ಬರುತ್ತೆ, ಎದುರಿಗೆ ಕೂತ ಗೆಳೆಯನ ಹತ್ತಿರ ಮಾತಾಡುವ ಥರದ್ದು. ನೆನಪಿದೆಯಾ, ಸುದ್ದಿ ಕೇಳಿದಾಗ ನಿನಗೆ ಹೇಗಾಯ್ತು ಅಂತ ವಿಚಾರಿಸುವ ದನಿ. ಸಂಗೀತ ಗೊತ್ತಿಲ್ಲದ ಕವಿಗೆ ಇದು ಬರೆಯೋಕೆ ಆಗ್ತಿರಲಿಲ್ಲ. ಆ ಮಕ್ಕಳು ಸತ್ತದ್ದು ಎಂಥ ಹೊತ್ತಿನಲ್ಲಿ ಅಂತ ಹೇಳಬೇಕಾದರೆ ಅವರು ಕುಣೀತಿದ್ದ ತಾಳವನ್ನೇ ಕೇಳಿಸಬೇಕು. ಯಾವ ವಿಚಾರಣೆಯ ವರದಿಯಲ್ಲೂ ಆ ತಾಳ ಇರೋದಿಲ್ಲ.

ಈ ರೀತಿಯ ಕವಿತೆಗೆ ಅಪಾಯವೂ ಇತ್ತು. 1981ರಲ್ಲಿ ಎಲ್‌ಕೆಜೆ ತನ್ನದೇ ರೆಕಾರ್ಡು ಕಂಪನಿ ಶುರುಮಾಡಿ ಮೊದಲು ತಂದದ್ದು ತನ್ನ ಕವಿತೆ ಅಲ್ಲ, ಜಮೈಕಾದ ಮೈಕೀ ಸ್ಮಿತ್ ಎಂಬ ಗೆಳೆಯನದ್ದು. ಎರಡು ವರ್ಷದ ನಂತರ, 1983ರ ಆಗಸ್ಟಿನಲ್ಲಿ, ರಾಜಕೀಯ ಸಭೆಯೊಂದರಲ್ಲಿ ಪ್ರಶ್ನೆ ಎತ್ತಿದ ಬೆನ್ನಿಗೇ ಕಿಂಗ್‌ಸ್ಟನ್ನಿನ ಹೊರವಲಯದಲ್ಲಿ ಸ್ಮಿತ್‌ರನ್ನ ಕಲ್ಲು ಹೊಡೆದು ಕೊಂದರು. ಸತ್ತಾಗ ಇನ್ನೂ 30 ತುಂಬಿರಲಿಲ್ಲ. ನಮಗೆ ಉಳಿದಿರೋದು ಆ ರೆಕಾರ್ಡಿನ ದನಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1980ರ ಆಲ್ಬಮ್ಮಿನ ಹೆಸರು ‘ಎಲ್‌ಕೆಜೆ ಇನ್ ಡಬ್’. ಹಿಂದಿನ ಎರಡು ಆಲ್ಬಮ್ಮುಗಳ ಹಾಡುಗಳಿಂದ ಬೊವೆಲ್ ಮಾತು ತೆಗೆದು ಬರೀ ಸಂಗೀತ ಉಳಿಸಿದ್ದು. ಆ ಬೇಸ್ ಕವಿತೆಯ ಉಸಿರಿನ ಅಳತೆಗೇ ಕಟ್ಟಿದ್ದರಿಂದ, ಕವಿತೆ ಎದ್ದು ಹೋದರೂ ಅದು ಕೂತಿದ್ದ ಜಾಗ ಖಾಲಿ ಕುರ್ಚಿಯ ಹಾಗೆ ಎದ್ದು ಕಾಣುತ್ತೆ. 1996ರದ್ದು ‘ಎಲ್‌ಕೆಜೆ ಅ ಕಪೆಲ್ಲಾ ಲೈವ್’. ಅಲ್ಲಿ ಬ್ಯಾಂಡ್ ಇಲ್ಲ. ಆದರೆ ಯಾವ ಪದದ ಮೇಲೆ ಭಾರ ಬೀಳುತ್ತೆ, ಎಲ್ಲಿ ಒಂದು ಎಣಿಕೆ ಸುಮ್ಮನೆ ಬಿಡ್ತಾರೆ, ಎಲ್ಲಿ ಮಾತು ತಾಳಕ್ಕಿಂತ ಒಂದು ಗುಟುಕು ಹಿಂದೆ ಬರುತ್ತೆ, ಇದೆಲ್ಲ ರೆಗೇ. ಬೇಸ್ ವಾದ್ಯದಿಂದ ಇಳಿದು ವ್ಯಾಕರಣಕ್ಕೆ ಸೇರಿಕೊಂಡಿದೆ. ಸಂಗೀತದ ಪ್ರಭಾವ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಲ್ಲ, ಅದರ ಪರೀಕ್ಷೆ ಇದೇ ಅನ್ಸುತ್ತೆ: ಸಂಗೀತ ತೆಗೆದ ಮೇಲೂ ಅದು ಉಳಿದಿದೆಯಾ?

2002ರಲ್ಲಿ ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್ ಮಾಲೆಯಲ್ಲಿ ಎಲ್‌ಕೆಜೆಯ ಆಯ್ದ ಕವಿತೆಗಳು ಬಂದವು. ಬದುಕಿರುವಾಗಲೇ ಆ ಮಾಲೆಗೆ ಸೇರಿದ ಎರಡನೇ ಕವಿ ಅವರು, ಮೊದಲನೆಯವರು ಪೋಲೆಂಡಿನ ಚೆಸ್ವಾಫ್ ಮಿವೋಶ್. ಮಾಲೆಯ ಮೊದಲ ಕಪ್ಪು ಕವಿಯೂ ಅವರೇ. 2020ರಲ್ಲಿ ಪೆನ್ ಪಿಂಟರ್ ಪ್ರಶಸ್ತಿ ಬಂತು. ಹಾಡೋ ಕವಿತೆಯೋ ಅನ್ನುವ ಜಗಳ ಅಲ್ಲಿಗೆ ಹೆಚ್ಚುಕಮ್ಮಿ ಮುಗಿದ ಹಾಗೆ.

ಈ ಎರಡು ವರ್ಷಗಳ ನಡುವೆ ಬ್ರಿಟನ್ನಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ವಿಂಡ್‌ರಶ್ ಕಾಲದಲ್ಲಿ ಹಡಗಿನಿಂದ ಇಳಿದವರ ಹೆಸರು, ತಾರೀಖು ಇದ್ದ ಲ್ಯಾಂಡಿಂಗ್ ಕಾರ್ಡುಗಳು ಗೃಹ ಇಲಾಖೆಯ ಹತ್ತಿರ ಇದ್ದವು. 2010ರಲ್ಲಿ ಇಲಾಖೆ ಅವನ್ನ ನಾಶ ಮಾಡಿತು. ಕೆಲವೇ ವರ್ಷದಲ್ಲಿ ವಲಸೆ ನಿಯಮ ಬಿಗಿಯಾಯ್ತು. ಮಗುವಾಗಿ ಬಂದು, ಐವತ್ತು ವರ್ಷ ದುಡಿದು, ತೆರಿಗೆ ಕಟ್ಟಿದವರನ್ನ ಕರೆದು ನೀವು ಯಾವಾಗ ಬಂದಿರಿ ದಾಖಲೆ ತೋರಿಸಿ ಅಂದರು. ಕೆಲಸ ಹೋಯಿತು, ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನ ದೇಶದಿಂದಲೇ ಹೊರಗೆ ಹಾಕಿದರು. 2018ರಲ್ಲಿ ಇದು ದೊಡ್ಡ ಹಗರಣ ಆಗಿ ಸರ್ಕಾರ ಕ್ಷಮೆ ಕೇಳಿತು. 1963ರಲ್ಲಿ ಹನ್ನೊಂದು ವರ್ಷದ ಹುಡುಗನಾಗಿ ಬಂದಿಳಿದ ಜಾನ್ಸನ್‌ದೂ ಇದೇ ತಲೆಮಾರು. ಆ ತಲೆಮಾರು ಇಲ್ಲಿತ್ತು, ದುಡಿಯಿತು, ಏಟು ತಿಂದಿತು, ಕುಣಿಯಿತು ಅನ್ನೋದಕ್ಕೆ ಕಚೇರಿಯ ರೆಕಾರ್ಡು ಹೋದ ಮೇಲೂ ಇನ್ನೊಂದು ಥರದ ರೆಕಾರ್ಡು ಉಳಿದುಕೊಂಡಿದೆ.

ಕೇಳಬೇಕು ಅನ್ನಿಸಿದರೆ ‘ಫೋರ್ಸಸ್ ಆಫ್ ವಿಕ್ಟರಿ’ಯಿಂದ ಶುರುಮಾಡಿ, ಆಮೇಲೆ ‘ಇನ್ ಡಬ್’, ಕೊನೆಗೆ ‘ಅ ಕಪೆಲ್ಲಾ’. ಮಾತು ಮೊದಮೊದಲು ಅರ್ಥ ಆಗೋದಿಲ್ಲ, ಪರವಾಗಿಲ್ಲ, ಎರಡನೇ ಸಲಕ್ಕೆ ಕಿವಿ ಪಳಗುತ್ತೆ. ಒಂದೇ ಒಂದು ವಿನಂತಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಆ ಪುಟ್ಟ ಡಬ್ಬಿಯಲ್ಲಿ ಬೇಸ್ ಬರೋದೇ ಇಲ್ಲ, ಅರ್ಧ ಕವಿತೆ ಅಲ್ಲೇ ಸೋರಿಹೋಗುತ್ತೆ.